ಸಮಗುಂಪಿನ ಮೇಷ್ಟ್ರು

ಒಂಟಿಕೊಪ್ಪಲಿನ ನಮ್ಮ ಮೂರನೇ ಕ್ಲಾಸಿನ ಮೇಷ್ಟ್ರು ಮಗ್ಗಿ ಬಾಯಿಪಾಠ ಮಾಡಿಸುತ್ತಿರಲಿಲ್ಲ. ಹುರಿದ ಹುಣಸೆಬೀಜ ನೆಲಕ್ಕೆ ಸುರಿದು, "ಗುಂಪು ಸಮ ಮಾಡಮ್ಮ, ಲೆಕ್ಕ ತಾನೇ ಬರುತ್ತೆ" ಅನ್ನುತ್ತಿದ್ದರು. ಅವರ ಮುಖ ನೆನಪಿದೆ ಎಂದರೆ, ಅದು ನಾನೀಗ ಕಟ್ಟಿಕೊಂಡದ್ದು.

ಒಂದು ದಿನ ಇನ್ಸ್‌ಪೆಕ್ಟರು ಬಂದು, ಏಳೆಂಟಲ ಎಷ್ಟೆಂದು ನನ್ನನ್ನೇ ಕೇಳಿದರು. ಉತ್ತರ ತಪ್ಪಿದರೆ ಬೀಜದ ಪಾಠ ಅಂದಿಗೇ ಬಂದ್. ನಾನು ಎಂಟೆಂಟು ಬೀಜದ ಏಳು ಗುಂಪು ಮಾಡಿ, ಎಣಿಸಿ, "ಐವತ್ತೈದು" ಎಂದೆ.

"ಇದೇನ್ರೀ ಮೇಷ್ಟ್ರೇ, ಪಾಠವೋ ಅಳಗುಳಿಮಣೆಯೋ?" ಎಂದು ಇನ್ಸ್‌ಪೆಕ್ಟರು ನಕ್ಕರು.

ಮೇಷ್ಟ್ರು ಕುಕ್ಕರಗಾಲಲ್ಲಿ ಕೂತು ಕೊನೆಯ ಗುಂಪು ನೋಡಿದರು, ಆಮೇಲೆ ನನ್ನ ಉಬ್ಬಿದ ಕೆನ್ನೆ.

"ಉಗಿಯಮ್ಮ."

ಬೀಜ ನೆಲಕ್ಕೆ ಬಿತ್ತು. ಎಂಜಲೆಂದರೆ ಮಾರು ದೂರ ನಿಲ್ಲುತ್ತಿದ್ದ ಆ ಮಡಿವಂತರು ಅದನ್ನು ತಾವೇ ಎತ್ತಿ ಗುಂಪಿಗೆ ಸೇರಿಸಿದರು.

"ಹೂಂ, ಈಗ ಹೇಳು."

"ಐವತ್ತಾರು ಸಾರ್."