ಹನ್ನೆರಡನೆಯ ಸುತ್ತು

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡಿನ ಯೆಲ್ ದ್ವೀಪದ ಶಾಲೆಗೆ ಹೊಸದಾಗಿ ನೇಮಕಗೊಂಡ ಮೇಷ್ಟ್ರು, ಎಂದರೆ ಇದನ್ನು ಬರೆಯುತ್ತಿರುವವನೇ, ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಫೆರಿಯಿಂದ ಉಲ್ಸ್ಟಾ ಕಟ್ಟೆಗೆ ಇಳಿದಾಗ ಎದುರುಗೊಳ್ಳಲು ಬಂದಿದ್ದವರು ಒಬ್ಬರೇ ಹೆಂಗಸು. ಸೊಂಟದಲ್ಲಿ ತೂತುಗಳಿದ್ದ ಚರ್ಮದ ಪಟ್ಟಿ, ತೂತಿಗೆ ಸಿಕ್ಕಿಸಿದ ಉದ್ದನೆಯ ಹೆಣಿಗೆಕಡ್ಡಿ, ಒಂದೇ ಸಮನೆ ಓಡುತ್ತಿದ್ದ ಬೆರಳುಗಳು. ಕಣ್ಣು ಮಾತ್ರ ಹೆಣಿಗೆಯ ಮೇಲೂ ಇರಲಿಲ್ಲ, ಬಂದವರ ಮೇಲೂ ಇರಲಿಲ್ಲ.

"ನೀವೇನಾ ಹೊಸ ಮೇಷ್ಟ್ರು? ಪೆಟ್ಟಿಗೆ ಅಲ್ಲೇ ಇಡಿ. ಒಂದ್ನಿಮಿಷ ಮಾತಾಡ್ಬೇಡಿ."

ಮೇಷ್ಟ್ರು ಪೆಟ್ಟಿಗೆ ಕೆಳಗಿಟ್ಟರು.

"ಹಾಂ, ಬಂದ್ವು. ಕಡಲಹಂದಿ, ತಿಮಿಂಗಿಲದ ಚಿಕ್ಕ ನೆಂಟ. ಮೂರಿದಾವೆ, ಅದ್ರಲ್ಲಿ ಮರಿ ಒಂದು."

ಮೇಷ್ಟ್ರಿಗೆ ಕಂಡದ್ದು ಬರೀ ನೀರು.

"ಕಾಣ್ಲಿಲ್ವಾ? ಹೋಗ್ಲಿ ಬಿಡಿ. ಪಟ್ಟಣದ ಕಣ್ಣು ಪಳಗೋಕೆ ಎರಡು ಚಳಿಗಾಲ ಬೇಕು. ನಾನು ಓಸ್ಲಾ ಮೂವಟ್, ಶಾಲೆ ಅಡುಗೆಯೋಳು. ಇವತ್ತು ಉಪ್ಪು ಹಾಕಿ ಒಣಗಿಸಿದ ಕುರಿಮಾಂಸದ ಸಾರು. ಆರೋದ್ರೊಳಗೆ ನಡೀರಿ."

ಶಾಲೆಯ ಅಡುಗೆಮನೆಯ ಗಡಿಯಾರ ಕೆಟ್ಟು ನಿಂತು ನಾಲ್ಕು ವರ್ಷವಾಗಿತ್ತು. ಯಾರೂ ಅದನ್ನು ಗಮನಿಸಿರಲಿಲ್ಲ, ಏಕೆಂದರೆ ಊಟದ ಗಂಟೆ ಹೊಡೆಯುವ ಹೊತ್ತಿಗೆ ಸಾರು ಎಂದೂ ತಪ್ಪದೆ ಸಿದ್ಧವಾಗಿರುತ್ತಿತ್ತು. ಓಸ್ಲಾ ಹೊತ್ತನ್ನು ಹೆಣಿಗೆಯ ಸುತ್ತಿನಲ್ಲಿ ಅಳೆಯುತ್ತಿದ್ದರು. ದೊಡ್ಡವರ ಸ್ವೆಟರಿನ ಮೈ ಒಂದು ಸುತ್ತು ಬರಲು ಅವರ ಕೈಗೆ ನಾಲ್ಕು ನಿಮಿಷ ಬೇಕು. ರೊಟ್ಟಿಗೆ ಎಂಟು ಸುತ್ತು, ಸಾರಿಗೆ ಮೂವತ್ತು. ಆ ಅಳತೆ ಅವರ ಅಜ್ಜಿಯಿಂದ ಬಂದದ್ದು. ಗಂಡಸರು ದೋಣಿ ಹತ್ತಿ ದೂರದ ಕಡಲಿಗೆ ಹೋದಾಗ ಅಜ್ಜಿ ದಡದಲ್ಲಿ ಕುಳಿತು ಸುತ್ತುಗಳನ್ನು ಎಣಿಸುತ್ತಿದ್ದರಂತೆ.

ಓಸ್ಲಾರಿಗೆ ಐವತ್ತೆರಡು ತುಂಬಿದ ವರ್ಷ ಶಾಲೆಯ ಅಡುಗೆಮನೆ ಮುಚ್ಚಿತು. ಊಟ ಬೇರೆ ಕಡೆ ಬೆಂದು ವ್ಯಾನಿನಲ್ಲಿ ಬರತೊಡಗಿತು. ಅದೇ ತಿಂಗಳು, ಎಣ್ಣೆ ಹುಡುಕುವ ಹಡಗುಗಳ ಮೇಲೆ ನಿಂತು ತಿಮಿಂಗಿಲಗಳನ್ನು ಕಾಯಲು ಜನ ಬೇಕೆಂಬ ಚೀಟಿ ಊರಿನ ಸಭಾಮಂದಿರದ ಗೋಡೆಗೆ ಬಿತ್ತು. ಓಸ್ಲಾ ಲೆರ್ವಿಕ್‌ಗೆ ಹೋಗಿ ತರಬೇತಿ ಮುಗಿಸಿ ಬಂದರು.

"ಎಣ್ಣೆಯವ್ರ ಅನ್ನ ತಿಂದ್ಕೊಂಡು ತಿಮಿಂಗಿಲ ಕಾಯ್ತಾಳಂತೆ," ಎಂದು ಅಂಗಡಿಯಲ್ಲಿ ಯಾರೋ ಆಡಿಕೊಂಡರು.

"ಕುರಿ ಕಾಯೋ ನಾಯಿಗೂ ಅನ್ನ ಹಾಕೋನು ಕುರಿ ತಿನ್ನೋನೇ ಕಣಯ್ಯಾ," ಎಂದರು ಓಸ್ಲಾ, ತಿರುಗಿಯೂ ನೋಡದೆ. "ಹಾಗಂತ ನಾಯಿ ಕಾಯೋದು ಬಿಡುತ್ತಾ?"

ಕಡಲ ತಳದ ಬಂಡೆಯೊಳಗೆ ಏನಿದೆ ಎಂದು ತಿಳಿಯಲು ಈ ಹಡಗುಗಳು ಗಾಳಿಬಂದೂಕನ್ನು ನೀರಿಗಿಳಿಸುತ್ತವೆ. ಒತ್ತಿಟ್ಟ ಗಾಳಿ ಒಮ್ಮೆಲೇ ಸಿಡಿದು, ಆ ಸದ್ದು ತಳಕ್ಕೆ ಬಡಿದು ಮರಳುತ್ತದೆ. ಬೆಳಕು ಇಳಿಯದ ಆಳದಲ್ಲಿ ತಿಮಿಂಗಿಲಕ್ಕೆ ದಾರಿ, ಆಹಾರ, ಜೊತೆ ಎಲ್ಲವೂ ಕಿವಿಯೇ. ಅದರ ಮಗ್ಗುಲಲ್ಲಿ ಬಂದೂಕು ಸಿಡಿದರೆ ಕಿವಿ ಹೋದಂತೆ, ಕಿವಿ ಹೋದರೆ ಬದುಕೇ ಹೋದಂತೆ. ಆದ್ದರಿಂದ ಸಿಡಿಸುವ ಮೊದಲು ಒಂದು ಗಂಟೆ ಕಡಲನ್ನು ನೋಡುತ್ತ ನಿಲ್ಲಬೇಕು. ಐನೂರು ಮೀಟರಿನೊಳಗೆ ತಿಮಿಂಗಿಲ ಕಂಡರೆ, ಕೊನೆಯ ಸಲ ಕಂಡು ಇಪ್ಪತ್ತು ನಿಮಿಷ ಕಳೆಯುವವರೆಗೆ ತಡೆಯಬೇಕು. ಶುರು ಮಾಡುವಾಗಲೂ ಸಣ್ಣ ಸದ್ದಿನಿಂದ ಮೆಲ್ಲಗೆ ಏರಿಸಬೇಕು, ದೂರವಿದ್ದವು ಇನ್ನೂ ದೂರ ಸರಿಯಲೆಂದು.

ಓಸ್ಲಾರ ಮೂರನೆಯ ಹಡಗು ಶೆಟ್ಲೆಂಡಿನ ಪಶ್ಚಿಮದ ಆಳನೀರಿನಲ್ಲಿ ಕದಲದೆ ನಿಂತು ಬಾವಿ ಕೊರೆಯುತ್ತಿತ್ತು. ಬಾವಿಯ ಸುತ್ತಲ ಬಂಡೆಯನ್ನು ಅಳೆಯಲು ಬಂದೂಕನ್ನು ಕ್ರೇನಿನಿಂದ ಇಳಿಸುವ ಕೆಲಸ ಡೂಗಲ್ ಎಂಬ ಸ್ಕಾಟ್ಲೆಂಡಿನವನದು. ಸಮೀಕ್ಷೆಯ ಮುಖ್ಯಸ್ಥ ಕಾಸ್ಪರ್ ವಿಕ್, ನಾರ್ವೆಯವನು, ಮಿತಭಾಷಿ. ಮೊದಲ ದಿನವೇ ಅವನು, "ಕೆಲಸದ ಹೊತ್ತಲ್ಲಿ ಹೆಣಿಗೆ ಯಾಕೆ?" ಎಂದಿದ್ದ.

"ಕೈ ಸುಮ್ನಿದ್ರೆ ಕಣ್ಣು ತೂಕಡಿಸುತ್ತೆ ಕಣಪ್ಪ. ನನ್ನ ಕಣ್ಣು ತಪ್ಪಿಸಿದ್ದು ಏನಾದ್ರೂ ನಿನಗೆ ಕಂಡ್ರೆ ಅವತ್ತು ಕಡ್ಡಿ ಕೆಳಗಿಡ್ತೀನಿ."

ಬಂದೂಕು ಇಳಿಸುವ ದಿನಕ್ಕಾಗಿ ಕಾಯುತ್ತಿದ್ದಾಗ ಎರಡು ದಿನ ಒಂದು ದೊಡ್ಡ ಗಂಡು ತಿಮಿಂಗಿಲ ಹಡಗಿನ ಹತ್ತಿರವೇ ಮೇಯುತ್ತಿತ್ತು. ಅದರ ಉಸಿರಿನ ಚಿಲುಮೆ ನೆಟ್ಟಗೆ ಏಳದೆ ಎಡಕ್ಕೆ ವಾಲುತ್ತಿತ್ತು. ಬಾಲದ ಅಂಚಿನಲ್ಲಿ ಇಲಿ ಕಚ್ಚಿದ ರೊಟ್ಟಿಯಂತೆ ಒಂದು ಕಚ್ಚು. ಅದು ಮುಳುಗಿದಾಗಲೆಲ್ಲ ಓಸ್ಲಾ ಹೆಣಿಗೆಗೆ ಒಂದು ಕೆಂಪು ಎಳೆ ಕಟ್ಟಿದರು, ಮೇಲೆದ್ದಾಗ ಒಂದು ಬಿಳಿ ಎಳೆ. ಮುಳುಗಿದಲ್ಲಿಂದ ಏಳುವವರೆಗೂ ಲೆಕ್ಕಕ್ಕೆ ಸಿಕ್ಕಿದ್ದು ನಾಲ್ಕು ಸಲ. ಹನ್ನೊಂದು ಸುತ್ತು, ಹನ್ನೆರಡು, ಹನ್ನೊಂದು, ಮತ್ತೆ ಹನ್ನೊಂದು. ದಾಖಲೆಯ ಪುಸ್ತಕದಲ್ಲಿ ಮಾತ್ರ ಮೊದಲ ದಿನದ ಒಂದು ಸಾಲಿತ್ತು. ಉಳಿದದ್ದೆಲ್ಲ ಉಣ್ಣೆಯಲ್ಲಿದೆಯಲ್ಲ, ಊರಿಗೆ ಹೋಗಿ ಬರೆದರಾಯಿತು ಎಂದುಕೊಂಡಿದ್ದರು. ಯೆಲ್‌ನ ಹೆಂಗಸಿಗೆ ಮಾತ್ರ ಹೊಳೆಯುವಂಥ ತಪ್ಪು ಅದು.

ಮೂರನೆಯ ಬೆಳಿಗ್ಗೆ ಕಡಲು ಎಣ್ಣೆ ಸವರಿದಂತೆ ನುಣುಪಾಗಿತ್ತು. ಮಧ್ಯಾಹ್ನಕ್ಕೆ ಅಲೆ ಏಳಲಿದೆ, ಅಲೆ ಎದ್ದರೆ ಕ್ರೇನು ಕೆಲಸ ಮಾಡದು. ಕಾಯುವ ಗಂಟೆ ಮುಗಿಯುತ್ತ ಬಂದಿತ್ತು. ಆಗಲೇ ನಾನೂರು ಮೀಟರು ದೂರದಲ್ಲಿ ಕಚ್ಚುಬಾಲ ಎದ್ದು ಮುಳುಗಿತು. ಕಂಡದ್ದು ಓಸ್ಲಾರೊಬ್ಬರಿಗೇ. ಅವರು ತಡೆ ಹೇಳಿದರು, ಕೆಂಪು ಎಳೆ ಕಟ್ಟಿದರು.

ಇಪ್ಪತ್ತು ನಿಮಿಷದ ಬಳಿಕ ವಿಕ್ ಬಂದ. "ಕೊನೇ ಸಲ ಕಂಡು ಇಪ್ಪತ್ತು ನಿಮಿಷ ಆಯ್ತು. ನಿಯಮ ಮುಗೀತು. ಶುರು ಮಾಡೋಣ."

"ನಿಯಮ ಮುಗೀತು, ಅದರ ಉಸಿರು ಮುಗಿದಿಲ್ಲ. ಅದು ನಮ್ಮ ಕಾಲ್ಕೆಳಗೇ ಇದೆ. ಅದಕ್ಕೆ ಹನ್ನೊಂದು ಸುತ್ತು ಬೇಕು, ಈಗ ಆಗಿರೋದು ಐದು."

"ಎಲ್ಲಿ ಬರೆದಿದೀರಿ?"

ಓಸ್ಲಾ ಪುಸ್ತಕ ತೆರೆದರು. ಆ ಒಂಟಿ ಸಾಲನ್ನು ನೋಡಿ ಅವರ ಮುಖ ಕಿವಿಯವರೆಗೂ ಕೆಂಪಾಯಿತು. "ಬರೆದಿಲ್ಲ. ತಪ್ಪು ನಂದೇ. ಇಲ್ಲಿದೆ ನೋಡು," ಎಂದು ಸ್ವೆಟರನ್ನು ಹಡಗಂಚಿನ ಕಟಕಟೆಯ ಮೇಲೆ ಹರಡಿ ಎಳೆಗಳನ್ನು ತೋರಿಸಿದರು.

ವಿಕ್ ಸುತ್ತುಗಳನ್ನು ಬೆರಳಿಟ್ಟು ಎಣಿಸಿದ. "ಹಡಗನ್ನ ಒಂದು ಸ್ವೆಟರ್ ನಿಲ್ಲಿಸ್ತು ಅಂತ ಮೇಲಿನೋರಿಗೆ ಹೇಳ್ಲಾ?"

"ಸ್ವೆಟರ್ ಅಲ್ಲ, ಓಸ್ಲಾ ಮೂವಟ್ ನಿಲ್ಲಿಸಿದ್ಲು ಅನ್ನು. ಕೆಳಗೆ ನಾನೇ ಸಹಿ ಹಾಕ್ತೀನಿ."

"ಅದು ಎದ್ದು ಬರ್ಲಿಲ್ಲ ಅಂದ್ರೆ ಮುಂದಿನ ಹೆಲಿಕಾಪ್ಟರಲ್ಲಿ ನೀವು ಊರಿಗೆ. ಆಮೇಲೆ ಯಾವ ಹಡಗೂ ನಿಮ್ಮನ್ನ ಕರೆಯಲ್ಲ. ಗೊತ್ತಲ್ಲ?"

"ಗೊತ್ತು. ಪಕ್ಕಕ್ಕೆ ನಿಲ್ಲಪ್ಪ, ಕಡಲು ಕಾಣ್ತಿಲ್ಲ."

ಕಡ್ಡಿಗಳು ಮತ್ತೆ ಆಡತೊಡಗಿದವು. ಆತಂಕದಲ್ಲಿ ಬೆರಳು ಓಡಿದರೆ ಲೆಕ್ಕ ಕೆಡುತ್ತದೆಂದು ಅವರಿಗೆ ಗೊತ್ತಿತ್ತು. ಸಾರಿನ ಪಾತ್ರೆಯ ಮುಂದೆ ಕುಳಿತಿದ್ದೇನೆ ಎಂದುಕೊಂಡು ಕೈಯನ್ನು ಹಳೆಯ ನಡೆಗೇ ಕಟ್ಟಿಹಾಕಿದರು. ಏಳು. ಎಂಟು. ಡೂಗಲ್ ಕ್ರೇನಿನಿಂದ ಇಳಿದು ಬಂದು ಕೇಳಿದ, "ಓಸ್ಲಕ್ಕ, ಆ ಸ್ವೆಟರು ಯಾರಿಗೆ?"

"ಮೊದ್ಲು ತಿಮಿಂಗಿಲ ನೋಡಿದೋರಿಗೆ. ಬಾಯಿ ಮುಚ್ಕೊಂಡು ಆ ಕಡೆ ನೋಡು."

ಹತ್ತು. ಹನ್ನೊಂದು. ನೀರು ಕನ್ನಡಿಯಂತೆ ಸುಮ್ಮನಿತ್ತು. ವಿಕ್ ಗಡಿಯಾರ ನೋಡಿಕೊಂಡ. ಓಸ್ಲಾ ಹನ್ನೆರಡನೆಯ ಸುತ್ತು ಹಿಡಿದರು. ಅದು ಅರ್ಧ ದಾಟಿತ್ತು. ಎಡಗಡೆ, ಇನ್ನೂರೈವತ್ತು ಮೀಟರಿನಲ್ಲಿ, ಬಂದೂಕು ಇಳಿಯಬೇಕಿದ್ದ ಜಾಗದ ನೇರಕ್ಕೆ ಕಡಲು ಉಬ್ಬಿತು, ವಾಲಿದ ಚಿಲುಮೆ ಎದ್ದಿತು. ಆ ಉಸಿರಿನ ಸದ್ದು ಹಡಗಿನ ಮೇಲಿದ್ದ ಪ್ರತಿಯೊಬ್ಬನಿಗೂ ಕೇಳಿಸಿತು.

ಓಸ್ಲಾ ಬಿಳಿ ಎಳೆ ಕಟ್ಟಿದರು. ಆಮೇಲೆ ಪುಸ್ತಕ ತೆಗೆದು ಬರೆದರು.

ವಿಕ್ ಟೋಪಿ ತೆಗೆದು ನಿಂತಿದ್ದ. "ಇವತ್ತಿನ ಕೆಲಸ ಇಲ್ಲ," ಎಂದು ಡೂಗಲ್‌ಗೆ ಹೇಳಿದ. "ವರದಿ ನಾನೇ ಬರೀತೀನಿ. ಅದರಲ್ಲಿ ನನ್ನ ಸಹಿನೂ ಇರುತ್ತೆ."

ಮಧ್ಯಾಹ್ನ ಅಲೆ ಎದ್ದಿತು. ನಾಲ್ಕು ದಿನ ಕಳೆದು ಕಡಲು ತಣ್ಣಗಾಗಿ, ಕಚ್ಚುಬಾಲ ಉತ್ತರಕ್ಕೆ ಹೋಯಿತೆಂದು ಓಸ್ಲಾ ಹೇಳಿದ ಮೇಲೆಯೇ ಬಂದೂಕು ನೀರಿಗಿಳಿದದ್ದು. ಸ್ವೆಟರು ಕೊನೆಗೆ, ಅದರ ಸುತ್ತುಗಳನ್ನು ಬೆರಳಿಟ್ಟು ಎಣಿಸಿದ್ದ ವಿಕ್‌ಗೇ ಹೋಯಿತು. ತೋಳು ಹೆಣೆದು ಅಂಚೆಯಲ್ಲಿ ಕಳಿಸುವಾಗ ಕೆಂಪು, ಬಿಳಿ ಎಳೆಗಳನ್ನು ಓಸ್ಲಾ ಬಿಚ್ಚಲಿಲ್ಲ. ಅಲ್ಲಿಂದ ಮುಂದೆ ಹದಿನಾಲ್ಕು ಹಡಗುಗಳು ಅವರನ್ನು ಹೆಸರು ಹಿಡಿದು ಕರೆದವು. ವಿಕ್ ಇದ್ದ ಹಡಗಿನಿಂದ ಬರುವ ಪತ್ರದ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತಿತ್ತು: ಉಣ್ಣೆ ಮರೆಯದೆ ತನ್ನಿ. ಆ ಪತ್ರಗಳಲ್ಲೊಂದನ್ನು ಅಂಗಡಿಯವನು ಕೇಳಿ ಪಡೆದು, ಗೋಡೆಗೆ ಅಂಟಿಸಿಕೊಂಡಿದ್ದಾನೆ.

ಈಗ ಓಸ್ಲಾರಿಗೆ ಎಪ್ಪತ್ತಮೂರು. ಮಂಡಿ ಹಡಗಿನ ಏಣಿಯನ್ನು ಒಪ್ಪುವುದಿಲ್ಲ. ಗುರುವಾರಗಳಂದು ಹೊಸ ಕಾವಲಿನವರಿಗೆ ಉಲ್ಸ್ಟಾ ಕಟ್ಟೆಯ ಮೇಲೆಯೇ ಪಾಠ. ದುರ್ಬೀನನ್ನು ಮೊದಲ ವಾರ ಮುಟ್ಟಗೊಡುವುದಿಲ್ಲ. ಹೆಣಿಗೆ ಬಾರದವರಿಗೆ ಹೆಣಿಗೆ ಕಲಿಸುತ್ತಾರೆ, ಬರುವವರಿಗೂ ಪುಸ್ತಕ, ಪೆನ್ಸಿಲು ಕಡ್ಡಾಯ. ಕಳೆದ ವಾರ ಫೆರಿ ಹೊರಟೊಡನೆ ಹುಡುಗಿಯೊಬ್ಬಳು ಕೈ ಚಾಚಿ, "ಕಡಲಹಂದಿ, ಓಸ್ಲಜ್ಜಿ, ಎರಡಿದಾವೆ," ಎಂದು ಕುಣಿದಾಡಿದಳು.

"ನಾಲ್ಕು," ಎಂದರು ಓಸ್ಲಾ, ಕಡ್ಡಿ ನಿಲ್ಲಿಸದೆ. "ಮೊದ್ಲು ಬರಿ ಮಗಾ, ಆಮೇಲೆ ಕುಣಿ."