ಹೆಸರಿಗೆ ಮೊದಲು ಬರೆದ ‘ಲೇಟ್’

ಮೊನ್ನೆ ಅಂಚೆಯಲ್ಲಿ ಒಂದು ಲಗ್ನಪತ್ರಿಕೆ ಬಂತು. ಮೂಲೆಗಳಿಗೆ ಹಚ್ಚಿದ ಅರಿಶಿನದ ವಾಸನೆ ಇನ್ನೂ ಹೋಗಿರಲಿಲ್ಲ. ವಧುವಿನ ತಂದೆಯ ಹೆಸರಿಗೆ ಮೊದಲು ‘ಲೇಟ್’ ಎಂದಿತ್ತು. ಅದನ್ನು ನೋಡಿದೊಡನೆ ಬಂಗಾರಪೇಟೆಯ ನಮ್ಮ ಎದುರುಮನೆ ಅಕ್ಕ ನೆನಪಾದರು…

ಎಂಬತ್ತರ ದಶಕದ ಮೊದಲಲ್ಲಿ ನಾನು ಅಲ್ಲಿ ಇಂಗ್ಲಿಷ್ ಟೀಚರ್. ನನಗೆ ಪದಗಳ ಹುಚ್ಚು. ಯಾವ ಮಾತು ಎಲ್ಲಿಂದ ಬಂತೆಂದು ದಪ್ಪ ನಿಘಂಟು ತಿರುವಿ, ಕೇಳದವರಿಗೂ ಹೇಳುತ್ತಿದ್ದೆ. ಅಕ್ಕ ಬೇತಮಂಗಲದ ಕಡೆಯವರು, ಮೂರು ಎಮ್ಮೆ ಕಟ್ಟಿಕೊಂಡು ಬೀದಿಗೆಲ್ಲ ಹಾಲು ಹಾಕುತ್ತಿದ್ದರು. ಗಂಡ ಊರಿಗಾಂ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಒಂದು ದಿನ ಶಿಫ್ಟಿಗೆಂದು ಮಾರಿಕುಪ್ಪಂ ರೈಲು ಹತ್ತಿದವರು ತಿರುಗಿ ಬರಲಿಲ್ಲ. ವಿಚಾರಿಸಿದರೆ ಶಿಫ್ಟಿಗೂ ಹೋಗಿರಲಿಲ್ಲ. ಮೂರು ವರ್ಷವಾಗಿತ್ತು. ಅಕ್ಕ ಮಾತ್ರ ಕಾಸಗಲ ಕುಂಕುಮ ಇಟ್ಟುಕೊಂಡೇ ದಿನಾ ಹಾಲು ತರುತ್ತಿದ್ದರು.

ಮಗಳು ಜಾಣೆ. ಏಳನೇ ಕ್ಲಾಸು ಮುಗಿಸಿದಾಗ ಕೋಲಾರದ ಒಂದು ಹಾಸ್ಟೆಲಿನ ವಿಷಯ ತಿಳಿಯಿತು. ತಂದೆ ತೀರಿಕೊಂಡ ಹುಡುಗಿಯರಿಗೆ ಅಲ್ಲಿ ಊಟ, ಓದು ಎಲ್ಲ ಉಚಿತ. ಕಾಣೆಯಾದ ತಂದೆಗೆ ಅರ್ಜಿಯಲ್ಲಿ ಜಾಗವೇ ಇರಲಿಲ್ಲ. ತುಂಬುತ್ತಾ ತುಂಬುತ್ತಾ ನಾನೇ ತಂದೆಯ ಹೆಸರಿಗೆ ಮೊದಲು ‘ಲೇಟ್’ ಎಂದು ಬರೆದೆ.

ಅಕ್ಕ ಅದರ ಮೇಲೆ ಬೆರಳಿಟ್ಟು, “ಇವ್ರ ಎಸ್ರಿಗೆ ಅದೇನೋ ಸೇರ್ಸಿದ್ರಲ್ಲ ಮೇಡಮ್ಮಾ?” ಎಂದರು.

“ಲೇಟ್ ಅಂತ.”

“ರೈಲು ಲೇಟು ಅಂತಾರಲ್ಲ, ಅದೇನಾ?”

ಹೌದು, ಅದೇ, ಎಂದುಬಿಟ್ಟೆ. ಅಕ್ಕನ ಮುಖ ಅರಳಿತು. “ನಿಜ ಕಣಮ್ಮ, ಲೇಟೇ ಆಗೋಯ್ತು. ಬತ್ತಾರೆ ಬಿಡಿ,” ಎನ್ನುತ್ತಾ ಸಹಿ ಹಾಕಿದರು.

ಮನೆಗೆ ಬಂದು ನಿಘಂಟು ತೆಗೆದೆ. ಬಹಳ ಹಿಂದೆ ಆ ಪದಕ್ಕೆ ನಿಧಾನ, ಜಡ ಎಂಬ ಅರ್ಥವಿತ್ತಂತೆ. ಆಮೇಲೆ ತಡ ಎಂದಾಯಿತು. ಸತ್ತವರ ಹೆಸರಿಗೆ ಅಂಟಿಕೊಂಡದ್ದು ಎಷ್ಟೋ ಕಾಲದ ಮೇಲೆ. ಹಾಗಾದರೆ ನಾನು ಹೇಳಿದ್ದು ಸುಳ್ಳೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪಾಂಡಿತ್ಯ ಇಂಥದ್ದಕ್ಕೂ ಒದಗಿಬರುತ್ತದೆ.

ಮಗಳಿಗೆ ಸೀಟು ಸಿಕ್ಕಿತು, ಅಕ್ಕನಿಗೆ ಒಂದು ಇಂಗ್ಲಿಷ್ ಮಾತು ಸಿಕ್ಕಿತು. ಯಜಮಾನರೆಲ್ಲಿ ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ತಲೆ ತಗ್ಗಿಸುತ್ತಿದ್ದವರು ಈಗ “ಲೇಟು ಕಣಮ್ಮ” ಎನ್ನತೊಡಗಿದರು. ಕೇಳಿಸಿಕೊಂಡೂ ನಾನು ತಿದ್ದಲಿಲ್ಲ…

ಶ್ರಾವಣದಲ್ಲಿ ಪಕ್ಕದ ಬೀದಿಯ ಒಂದು ಮನೆಯಲ್ಲಿ ವರಮಹಾಲಕ್ಷ್ಮಿ ಪೂಜೆ. ಅರಿಶಿನ ಕುಂಕುಮದ ತಟ್ಟೆ ಸಾಲಾಗಿ ಬಂತು. ಅಕ್ಕ ಕೈ ಚಾಚಿದರು. ಮನೆಯಾಕೆ ತಟ್ಟೆ ಹಿಂದಕ್ಕೆಳೆದುಕೊಂಡು ಮೆಲ್ಲಗೆ, “ಯಜಮಾನ್ರು ಲೇಟು ಅಂತ ನೀವೇ ಏಳ್ತೀರಲ್ಲ. ಗಂಡ ಸತ್ತೋರು ಕುಂಕುಮ ಇಕ್ಕಂತಾರಾ?” ಎಂದರು. ತಟ್ಟೆ ನನ್ನ ಮುಂದೆ ಬಂತು. ನಾನು ತೆಗೆದುಕೊಂಡೆ.

ಬೀದಿಗೆ ಬಂದ ಮೇಲೆ ಅಕ್ಕ ಕೇಳಿದರು. “ನಿಮ್ಗೆ ಗೊತ್ತಿತ್ತಾ?”

ಗೊತ್ತಿತ್ತು ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಾಸ್ಟೆಲಿಗೆ ಹೋಗಿ ಅರ್ಜಿಯಲ್ಲಿ ಆ ಪದವನ್ನು ಹೊಡೆದುಹಾಕಿಸುತ್ತೇನೆ ಎಂದು ತಡವರಿಸಿದೆ.

“ಒಡ್ದಾಕಿದ್ರೆ ಮಗೀನ ಮನೇಗೆ ಕಳಿಸ್ಬಿಡ್ತಾರಾ?”

ಹೂಂ ಎಂದೆ. ಅಕ್ಕ ಹಣೆಯ ಕುಂಕುಮ ಮುಟ್ಟಿ ನೋಡಿಕೊಂಡರು. ಆಮೇಲೆ, “ಇರ್ಲಿ ಬಿಡಿ. ಓದ್ಲಿ,” ಎಂದು ನಡೆದುಬಿಟ್ಟರು.

ಮರುದಿನ ಹಾಲು ತಂದಾಗ ಹಣೆ ಬರಿದಾಗಿತ್ತು. ಆಮೇಲೆ ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಳತೆಯ ಮೇಲೆ ಒಂದಿಷ್ಟು ಕೊಸರು ಹಾಕುವುದನ್ನೂ ಬಿಡಲಿಲ್ಲ.

ಮಗಳು ಓದಿ ನರ್ಸ್ ಆದಳು. ನನಗೆ ಬೇರೆ ಊರಿಗೆ ವರ್ಗವಾಯಿತು. ಆ ಮನುಷ್ಯ ಬದುಕಿದ್ದಾರೋ ಇಲ್ಲವೋ ಇವತ್ತಿಗೂ ಯಾರಿಗೂ ತಿಳಿಯದು. ಕಾಗದದಲ್ಲಿ ಅವರನ್ನು ಸಾಯಿಸಿದವಳು ನಾನು, ವಿಧವೆಯಾಗಿ ಬಾಳಿದವರು ಅಕ್ಕ. ಅಷ್ಟು ವರ್ಷ ಎದುರು ಬದುರು ಇದ್ದೂ ತಪ್ಪಾಯಿತು ಎಂದು ಒಮ್ಮೆಯೂ ಹೇಳಲಿಲ್ಲ. ಈಗ ಹೇಳೋಣವೆಂದರೆ ಅಕ್ಕ ಇಲ್ಲ.