ಬುಧವಾರದ ಕಣ್ಣಿನ ಡಾಕ್ಟರು

ನನ್ನ ಮಗಳು ಏಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ತೂಕ ಒಂಬೈನೂರ ಅರವತ್ತು ಗ್ರಾಂ. ಬೆಳ್ಳಾರೆಯ ಶಾಲೆಯಲ್ಲಿ ಭಾಗಾಕಾರ ಹೇಳಿಕೊಡುತ್ತಿದ್ದೆ, ಸೀರೆ ಒದ್ದೆಯಾಯಿತು. ಜೊತೆಯ ಟೀಚರೊಬ್ಬರು ತಮ್ಮ ಕಾರಿನಲ್ಲಿ ಪುತ್ತೂರಿಗೆ ಕರೆದುಕೊಂಡು ಹೋದರು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ಅವಳನ್ನು ಮೊದಲ ಸಲ ನೋಡಿದಾಗ ಚರ್ಮದ ಅಡಿಯ ರಕ್ತನಾಳಗಳೆಲ್ಲ ಕಾಣುತ್ತಿದ್ದವು. ನನ್ನ ಮಗು ಅನ್ನಿಸಲಿಲ್ಲ. ಇನ್ನೂ ಯಾರೂ ನೋಡಬಾರದ್ದನ್ನು ನಾನು ನೋಡುತ್ತಿದ್ದೇನೆ ಅನ್ನಿಸಿತು.

ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ ಉಸಿರಾಡುವುದೇ ಮರೆತುಹೋಗುತ್ತದಂತೆ. ಯಂತ್ರ ಕೂಗಿದ ಕೂಡಲೇ ನರ್ಸ್ ಓಡಿಬಂದು ಅಂಗಾಲಿಗೆ ಬೆರಳಿನಿಂದ ತಟ್ಟುತ್ತಿದ್ದರು. ಮಗು ಬೆಚ್ಚಿ ಮತ್ತೆ ಉಸಿರೆಳೆಯುತ್ತಿತ್ತು. ದಿನಕ್ಕೆ ಎಷ್ಟೋ ಸಲ.

ಪಕ್ಕದ ಪೆಟ್ಟಿಗೆಯಲ್ಲಿದ್ದ ಗಂಡುಮಗುವಿನ ತಾಯಿ ನೆಲ್ಯಾಡಿಯವಳು, ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆಯ ಹುಡುಗಿ. ನನ್ನನ್ನು ಚೇಚಿ ಅನ್ನುತ್ತಿದ್ದಳು, ಅವರ ಮಾತಿನಲ್ಲಿ ಅಕ್ಕ. ಹಾಲು ಹಿಂಡಿ ತೆಗೆಯುವುದನ್ನು ನನಗೆ ಕಲಿಸಿದ್ದು ಅವಳೇ. ಅವಳ ಮಗು ಒಂದೂವರೆ ಕಿಲೋದ ಹತ್ತಿರ ಇತ್ತು. ಆ ಕೋಣೆಯಲ್ಲಿ ಅವನೇ ಪೈಲ್ವಾನ. ಅವನ ಕೆನ್ನೆ ತುಂಬುವುದನ್ನು ನೋಡುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮೂರು ವಾರಕ್ಕೆ ಅವನನ್ನು ಮನೆಗೆ ಬಿಟ್ಟರು. ಅದಕ್ಕೂ ಮೊದಲು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು: ಇಂಥ ಮಕ್ಕಳ ಕಣ್ಣಿನೊಳಗೆ ರಕ್ತನಾಳಗಳು ದಾರಿ ತಪ್ಪಿ ಬೆಳೆದು, ಹಿಂದಿನ ಪರದೆಯನ್ನೇ ಎಳೆದುಹಾಕಿ ದೃಷ್ಟಿ ಕಳೆಯಬಹುದು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಾಲ್ಕನೇ ವಾರದಲ್ಲಿ, ಮಂಗಳೂರಿನಿಂದ ಬುಧವಾರ ಬರುವ ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು. ಚೀಟಿಯಲ್ಲೂ ಬರೆದುಕೊಟ್ಟರು.

ಹೊರಡುವಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ಚೇಚಿ, ಬುಧವಾರ ಬೆಳಿಗ್ಗೆ ಒಂದು ಫೋನ್ ಮಾಡಿ ಆಯ್ತಾ. ಮನೆಗೆ ಹೋದ ಮೇಲೆ ನನಗೆ ದಿನ ಯಾವುದು ಅಂತ ಗೊತ್ತಾಗುದಿಲ್ಲ."

ಮಾಡುತ್ತೇನೆ ಅಂದೆ.

ಆ ಬುಧವಾರ ಬೆಳಿಗ್ಗೆ ಅಂಗಾಲು ತಟ್ಟಿದರೂ ನನ್ನ ಮಗಳು ಉಸಿರೆಳೆಯಲಿಲ್ಲ. ರಕ್ತಕ್ಕೆ ಸೋಂಕು ತಗಲಿತ್ತು. ಗಂಟಲಿಗೆ ಟ್ಯೂಬ್ ಹಾಕುವಾಗ ನನ್ನನ್ನು ಹೊರಗೆ ಕಳಿಸಿದರು. ಬೆಂಚಿನ ಮೇಲೆ ಕುಳಿತು ಗಂಡನಿಗೆ ಫೋನ್ ಮಾಡಿದೆ, ಅಮ್ಮನಿಗೆ ಮಾಡಿದೆ, ಹೆಡ್ಮಾಸ್ಟರಿಗೂ ಮಾಡಿದೆ. ನೆಲ್ಯಾಡಿಯವಳ ನೆನಪಾಗಲಿಲ್ಲ.

ನೆನಪಾದದ್ದು ಶುಕ್ರವಾರ. ಆಗಲಾದರೂ ಮಾಡಬಹುದಿತ್ತು. ಮುಂದೆ ಇನ್ನೊಂದು ಬುಧವಾರ ಇತ್ತು. ಮಾಡಲಿಲ್ಲ. ತಪ್ಪಿದ್ದಕ್ಕೆ ನಾಚಿಕೆ, ಅವಳ ಮಗು ಚೆನ್ನಾಗಿದೆ ಎಂದು ಅವಳ ಬಾಯಿಂದ ಕೇಳಲು ಮನಸ್ಸಿಲ್ಲದಿರುವುದು, ಎರಡೂ ಇತ್ತು. ಚೀಟಿ ಉಂಟಲ್ಲ, ಹೋಗಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ನನ್ನ ಮಗಳು ಬದುಕಿದಳು. ಎರಡು ವಾರದ ನಂತರ ಅದೇ ಕಣ್ಣಿನ ಡಾಕ್ಟರು ಅವಳ ಕಣ್ಣಲ್ಲಿ ಆ ಕಾಯಿಲೆ ಕಂಡುಹಿಡಿದು ಲೇಸರ್ ಮಾಡಿದರು. ಈಗ ಅವಳಿಗೆ ಆರು ವರ್ಷ. ದಪ್ಪ ಕನ್ನಡಕ ಹಾಕುತ್ತಾಳೆ, ಲೆಕ್ಕದಲ್ಲಿ ಹಿಂದೆ. ಎಡಗಾಲಿನ ಹಿಮ್ಮಡಿ ನೆಲಕ್ಕೆ ಊರುವುದಿಲ್ಲ. ಮಧ್ಯಾಹ್ನ ಅವಳು ಮಲಗಿದ್ದರೆ ನಾನು ಈಗಲೂ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ.

ಮೂರು ವರ್ಷದವಳಿದ್ದಾಗ ಕಾಲಿನ ವ್ಯಾಯಾಮ ತೋರಿಸಿಕೊಡುತ್ತಾರೆಂದು ಅವಳನ್ನು ಕಡಬದಲ್ಲಿ ನಡೆದ ಅಂಗವಿಕಲ ಮಕ್ಕಳ ಶಿಬಿರಕ್ಕೆ ಕರೆದುಕೊಂಡು ಹೋದೆ. ಹಿಂದಿನಿಂದ ಯಾರೋ ಚೇಚಿ ಅಂದರು. ಅವಳೇ. ಅವಳ ಕೈ ಹಿಡಿದು ಹುಡುಗ ನಿಂತಿದ್ದ. ಗುಂಡುಗುಂಡಾಗಿದ್ದ. ಮುಖ ನನ್ನ ಕಡೆ ಇತ್ತು, ನೋಟ ಎಲ್ಲಿಯೂ ಇರಲಿಲ್ಲ. ಐದು ತಿಂಗಳಾದರೂ ದೀಪದ ಕಡೆ ತಿರುಗದೆ ಇದ್ದಾಗ ಅವಳಿಗೆ ಸಂಶಯ ಬಂದದ್ದಂತೆ. ಅಷ್ಟರಲ್ಲಿ ಎರಡೂ ಕಣ್ಣಿನ ಪರದೆ ಕಳಚಿತ್ತು. ಅವಳು ಮಾತಾಡುತ್ತಿದ್ದಷ್ಟು ಹೊತ್ತು ಹುಡುಗ ನನ್ನ ಮಗಳ ಕನ್ನಡಕವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ.

ನನಗೆ ತಡೆಯಲಾಗಲಿಲ್ಲ. "ಆ ಬುಧವಾರ ನಾನು ಫೋನ್ ಮಾಡಲಿಲ್ಲ," ಅಂದೆ.

"ಯಾವ ಬುಧವಾರ?"

ಅವಳಿಗೆ ಮರೆತೇಹೋಗಿತ್ತು. ಮೊದಲಿನಿಂದ ಎಲ್ಲವನ್ನೂ ಹೇಳಬೇಕಾಯಿತು, ಶುಕ್ರವಾರದ್ದೂ ಸೇರಿಸಿ. ಅವಳು ತಲೆ ತಗ್ಗಿಸಿ ಕೇಳಿದಳು. ಹೇಳಿ ಮುಗಿಸಿದ ಮೇಲೆ ನನಗೆ ಗೊತ್ತಾಯಿತು, ಇಷ್ಟು ವರ್ಷ ನನ್ನೊಳಗಿದ್ದದ್ದನ್ನು ಅವಳ ತಲೆಗೆ ಹಾಕಿಬಿಟ್ಟೆ ಎಂದು.

ಹುಡುಗನ ಕೈಯನ್ನು ಕನ್ನಡಕದಿಂದ ಮೆಲ್ಲನೆ ಬಿಡಿಸುತ್ತಾ ಅವಳು ಹೇಳಿದಳು: "ಚೀಟಿ ನನ್ನ ಹತ್ತಿರವೇ ಇತ್ತು ಚೇಚಿ. ಇವನು ಚೆಂದ ಹಾಲು ಕುಡಿತಿದ್ದ. ಕಣ್ಣು ಹೊಳಿತಿತ್ತು. ಇನ್ನು ಎಂತಕ್ಕೆ ಹೋಗುದು ಅಂತ ನಾನೇ ಬಿಟ್ಟದ್ದು. ನೀವು ಫೋನ್ ಮಾಡಿದ್ರೂ ನಾನು ಬರ್ತಿರ್ಲಿಲ್ಲ."

ಅದು ನಿಜವೋ, ನನ್ನ ಮೇಲಿನ ಕರುಣೆಯಿಂದ ಹೇಳಿದ ಮಾತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅವರನ್ನು ಕರೆದರು. ಅವಳ ಬೆರಳು ಹಿಡಿದು ಹುಡುಗ ನಡೆದುಹೋದ. ನೇರವಾಗಿ, ಎರಡೂ ಪಾದ ಪೂರ್ತಿ ನೆಲಕ್ಕೆ ಊರಿ ನಡೆದ.